ಹೊಸ್ತಿಲ ಒಳಗಿನ ಮಾತು

ನಮ್ಮೂರಿಗೆ ಹೊರಗಿನಿಂದ ಬರುವ ಮಾತಿಗೆ ಬಂದ ಕೂಡಲೇ ದನಿ ಇರುವುದಿಲ್ಲ. ಬಾಯಿ ಆಡುತ್ತದೆ, ನಾಲಿಗೆ ಹೊರಳುತ್ತದೆ, ಉಸಿರೂ ಹೊರಡುತ್ತದೆ, ಸದ್ದು ಮಾತ್ರ ಇಲ್ಲ. ಅಂಥ ಮಾತನ್ನು ಬುಧವಾರ ಬೆಳಿಗ್ಗೆ ಅರಳಿಮರದ ಕೆಳಗಿನ ಮಾತಿನ ಕಟ್ಟೆಗೆ ತಂದು, ನಾಲ್ಕು ಜನರ ಮುಂದೆ ಅದರ ಹುಟ್ಟು ಮತ್ತು ನಡೆ ಹೇಳಬೇಕು. ಹುಟ್ಟು ಎಂದರೆ ಅದು ಎಲ್ಲಿಂದ ಬಂತು, ಯಾರ ಬಾಯಲ್ಲಿ ಬೆಳೆಯಿತು ಎನ್ನುವುದು. ನಡೆ ಎಂದರೆ ಅದರ ವ್ಯಾಕರಣ: ಯಾವ ವಿಭಕ್ತಿ ಹಿಡಿಯುತ್ತದೆ, ಯಾವ ಕ್ರಿಯೆಯ ಜೊತೆ ಕೂರುತ್ತದೆ, ಯಾರು ಯಾರಿಗೆ ಹೇಳುತ್ತಾರೆ. ಹೇಳಿದ್ದು ಸರಿಯಾಗಿದ್ದರೆ ಅಲ್ಲೇ ದನಿ ಬಿಡುತ್ತದೆ, ಆಮೇಲೆ ಆ ಮಾತು ಊರಿಗೆಲ್ಲ ಸಲ್ಲುತ್ತದೆ. ತಪ್ಪಾದರೆ ಇನ್ನೊಂದು ಸಲ ತರಬಹುದು. ಎರಡನೆಯ ಸಲವೂ ತಪ್ಪಿದರೆ ಮುಗಿಯಿತು, ಅದನ್ನು ತಂದವರು ಬದುಕಿರುವ ತನಕ ಆ ಮಾತು ಮೂಗ.

ಹೊರಗಿನವರಿಗೆ ಇದು ವಿಚಿತ್ರ. ನಮಗೆ ಹುಟ್ಟಿದಾಗಿನಿಂದ ಅಭ್ಯಾಸ. ಟೊಮೆಟೊ ನಮ್ಮೂರಿಗೆ ಬಂದಾಗ ಅಜ್ಜಿ ಕಾಲದವರು ಎರಡು ವರ್ಷ ಅದನ್ನು ಬೆರಳು ತೋರಿಸಿಯೇ ಕೊಂಡರಂತೆ. ಬದನೆಯ ದಾಯಾದಿ ಎಂದು ಯಾರೋ ಹುಟ್ಟು ಹೇಳಿದ ಮೇಲೆ ದನಿ ಬಿಟ್ಟಿತು. ಇಂಗ್ಲಿಷಿನ ಮಾತುಗಳಿಗೆ ಕೊನೆಯಲ್ಲಿ ಒಂದು 'ಉ' ಅಂಟಿಸಿ ಬಸ್ಸು, ಕಾರು, ಸೈಕಲ್ಲು ಎಂದರೆ ಅರ್ಧ ಕೆಲಸ ಮುಗಿದಂತೆ. ಹೆಸರುಗಳಿಗೆ ಮಾತ್ರ ತಡೆಯಿಲ್ಲ. ಯಾವ ದೇಶದ ಹೆಸರನ್ನಾದರೂ ಬಾಯಿ ತುಂಬ ಕೂಗಬಹುದು.

ನಾನು ಊರಬಾಗಿಲ ಕಾವಲುಕೋಣೆ, ಉಕ್ಕಡದಲ್ಲಿ ಕೂರುವವಳು. ಬರುವವರ ತುಟಿ ನೋಡಿ, ದನಿ ಇಲ್ಲದ ಮಾತನ್ನು ಓದಿ ಹೇಳುವುದು ಮೂವತ್ತೊಂದು ವರ್ಷದಿಂದ ನನ್ನ ಕೆಲಸ. ಅಪ್ಪ ಇಟ್ಟ ಈರಮ್ಮ ಎಂಬ ಹೆಸರು ಹೋಗಿ ತುಟಿ ಈರಕ್ಕ ಎಂದೇ ಆಗಿದೆ. ಜಂಬ ಎಂದರೂ ಸರಿ, ಹೇಳಿಬಿಡುತ್ತೇನೆ: ಪೊದೆ ಮೀಸೆಯ ಕಂಬಳಿ ವ್ಯಾಪಾರಿ ಬಾಯಿ ತುಂಬ ಎಲೆ ಅಡಿಕೆ ಇಟ್ಟುಕೊಂಡು ಆಡಿದ್ದನ್ನೂ ನಾನು ಓದಿದ್ದೇನೆ. ಅಂಥ ನಾನು ಒಂದು ಮಗುವಿನ ಬಾಯಿಯ ಎರಡಕ್ಷರವನ್ನು ತಪ್ಪಾಗಿ ಓದಿದೆ. ಅದನ್ನು ಹೇಳಲಿಕ್ಕೇ ಕೂತಿದ್ದೇನೆ.

ನನ್ನ ತಮ್ಮ ಮಾಲಿಂಗ ಹಡಗಿನಲ್ಲಿ ಅಡುಗೆಯವನು. ಟರ್ಕಿ ದೇಶದ ಯಾವುದೋ ಬಂದರಿನಲ್ಲಿ ಮದುವೆಯಾಗಿ, ನಾಲ್ಕು ವರ್ಷ ಅಲ್ಲೇ ಸಂಸಾರ ಮಾಡಿ, ಮತ್ತೆ ಉದ್ದ ಪ್ರಯಾಣದ ಹಡಗು ಸಿಕ್ಕಾಗ ಹೆಂಡತಿ ಮಗಳನ್ನು ತಂದು ನನ್ನ ಮನೆಯಲ್ಲಿ ಬಿಟ್ಟ. ಹೆಂಡತಿ ಮೆಲಿಕೆ. ಮಗಳು ಇಂಜಿ. ಅವರ ಕಡೆ ಇಂಜಿ ಎಂದರೆ ಮುತ್ತಂತೆ. ಎರಡು ವರ್ಷ ತುಂಬಿ ಒಂದೆರಡು ತಿಂಗಳಾಗಿದ್ದ, ಗುಂಗುರು ಕೂದಲಿನ, ಯಾವಾಗಲೂ ಒಂದು ಕಾಲುಚೀಲ ಕಳೆದುಕೊಂಡಿರುತ್ತಿದ್ದ ಹುಡುಗಿ. ಮೆಲಿಕೆ ಕನ್ನಡ ಕಲಿತದ್ದು ಗಂಡನ ಅಡುಗೆಮನೆಯಲ್ಲಿ. ಹಾಗಾಗಿ ಅವಳ ಕನ್ನಡ ಬಹುಪಾಲು ಅಪ್ಪಣೆಯ ಕನ್ನಡ: ಹಾಕು, ತೆಗಿ, ಸಾಕು, ಬೇಗ. ಯಾರಿಗೂ ಬಹುವಚನ ಇಲ್ಲ. ಬಂದ ದಿನವೇ ನಮ್ಮ ವ್ಯಾಕರಣದ ಧರಣಪ್ಪ ಮೇಷ್ಟ್ರಿಗೆ "ನೀನು ಕೂತ್ಕೊ, ಚಾ ಕುಡಿ" ಎಂದಳು. ಎಪ್ಪತ್ತು ವರ್ಷದ ಮೇಷ್ಟ್ರು, ಊರಲ್ಲಿ ಅವರಿಗೆ ಎದುರಾಡುವವರಿಲ್ಲ, ತೆಪ್ಪಗೆ ಕೂತು ಕುಡಿದರು.

ಮೆಲಿಕೆ ಹೇಗೋ ನಿಭಾಯಿಸಿದಳು. ಮಗುವಿನದೇ ಕಷ್ಟ. ಅದಕ್ಕೆ ಗೊತ್ತಿದ್ದದ್ದು ಐದಾರು ಮಾತು, ಎಲ್ಲ ತಾಯಿಯ ಕಡೆಯವು, ಒಂದಕ್ಕೂ ದನಿ ಇಲ್ಲ. ನಮ್ಮ ಮಾತು ಕಲಿತೀತು ಬಿಡು ಎಂದು ನಾನು "ಅಮ್ಮ ಅನ್ನು, ಹಾಲು ಅನ್ನು" ಎಂದು ಬೆನ್ನು ಹತ್ತಿದೆ. ಅದು ನನ್ನ ಬಾಯನ್ನು ನೋಡುತ್ತ ಕೂರುತ್ತಿತ್ತು, ಅಷ್ಟೇ.

"ಹಾಗೆ ಬರೋದಿಲ್ಲ ಈರಕ್ಕ," ಎಂದರು ಧರಣಪ್ಪ ಮೇಷ್ಟ್ರು. "ಮಗೀನ ಮೊದಲ್ನೇ ಮಾತು ಅಂದ್ರೆ ಮುಂಬಾಗಿಲು. ಅದು ತೆಗೆದ ಮೇಲೇ ಉಳಿದವು ಒಳಗೆ ಬರೋದು. ಇದರ ಮೊದಲ್ನೇ ಮಾತು ಯಾವುದು ಅಂತ ನೋಡು, ಅದಕ್ಕೆ ದನಿ ಬರಿಸು."

ನೋಡುವ ಕೆಲಸ ನನ್ನದೇ ತಾನೆ? ಒಂದೇ ವಾರದಲ್ಲಿ ಸಿಕ್ಕಿತು. ಬೆಳಿಗ್ಗೆ ಉಕ್ಕಡಕ್ಕೆ ಹೊರಟು ಚಪ್ಪಲಿ ಮೆಟ್ಟಲು ಬಗ್ಗಿದ್ದೆ. ಇಂಜಿ ಎಲ್ಲಿದ್ದಳೋ, ಓಡಿ ಬಂದು ನನ್ನ ಸೆರಗು ಹಿಡಿದು, ಮುಖ ಎತ್ತಿ, ಬಾಯಿ ಅಗಲಿಸಿ, ನಾಲಿಗೆಯನ್ನು ಹಲ್ಲಿನ ಹಿಂದೆ ಒತ್ತಿ ಬಿಟ್ಟಳು. ಅತ್ತೆ! ನನ್ನನ್ನೇ ಕರೆಯುತ್ತಿದ್ದಾಳೆ. ಹೋಗಬೇಡ ಅತ್ತೆ ಎನ್ನುತ್ತಿದ್ದಾಳೆ.

ನನಗೆ ಮಕ್ಕಳಿಲ್ಲ. ಗಂಡ ತೀರಿಹೋಗಿ ಹತ್ತೊಂಬತ್ತು ವರ್ಷ. ಆ ಮನೆಯಲ್ಲಿ ಚಪ್ಪಲಿ ಮೆಟ್ಟುವಾಗ ಯಾರೂ ನನ್ನ ಸೆರಗು ಹಿಡಿದಿರಲಿಲ್ಲ. ಮಗುವನ್ನು ಎತ್ತಿ ಮುದ್ದಾಡಿ, ಕೈಗೆ ಒಂದು ಬೆಲ್ಲದ ಚೂರು ಕೊಟ್ಟು, "ಹೋಗಿ ಬರ್ತೀನಿ ನನ್ನ ಕಂದ" ಎಂದು ಬಾಗಿಲು ಎಳೆದುಕೊಂಡು ಹೋದೆ. ಉಕ್ಕಡದಲ್ಲಿ ಅವತ್ತು ಬಂದವರಿಗೆಲ್ಲ ಕೇಳದಿದ್ದರೂ ಹೇಳಿದೆ. ಮಾರನೆಯ ದಿನವೂ ಅದೇ: ಓಟ, ಸೆರಗು, ಅತ್ತೆ. ನಾನು ಬೆಲ್ಲ ಕೊಟ್ಟು ಬಾಗಿಲು ಎಳೆದುಕೊಳ್ಳುವುದು. ಒಳಗಿನಿಂದ ಅಳು ಕೇಳುತ್ತಿತ್ತು. ಅಳುವಿಗೆ ನಮ್ಮೂರಲ್ಲೂ ತಡೆಯಿಲ್ಲ. ನನ್ನನ್ನು ಬಿಟ್ಟಿರಲಾರದೆ ಅಳುತ್ತಾಳೆ ಎಂದು ಹೆಮ್ಮೆಯಿಂದ ನಡೆಯುತ್ತಿದ್ದೆ.

ಮೇಷ್ಟ್ರು ಮಾತ್ರ ತಲೆ ಕೆರೆದರು. "ಅತ್ತೆ ನಮ್ಮೂರದೇ ಮಾತಲ್ಲೇನೇ? ಅದಕ್ಕೆ ದನಿ ಯಾಕಿಲ್ಲ?"

"ಅಲ್ಲಿ ಹೋಗಿ ಬಂದಿದೆಯಲ್ಲ ಮೇಷ್ಟ್ರೇ," ಎಂದೆ. "ಮಾಲಿಂಗ ಅಲ್ಲಿ ಕಲಿಸಿರಬೇಕು. ಟರ್ಕಿಯ ಬಾಯಿಗೆ ಹೊಕ್ಕು ಹೊರಟ ಮೇಲೆ ಹೊರಗಿನ ಮಾತೇ ಆಯ್ತು."

ಮೆಲಿಕೆ ಪಕ್ಕದಲ್ಲಿ ಕೂತು ಬೀನ್ಸ್ ನಾರು ತೆಗೆಯುತ್ತಿದ್ದಳು. ನನ್ನನ್ನು ಒಮ್ಮೆ ನೋಡಿದಳು, ನಕ್ಕಳು, ಮತ್ತೆ ನಾರು ತೆಗೆಯತೊಡಗಿದಳು.

ಬುಧವಾರ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಟ್ಟೆಯಲ್ಲಿ ಹೇಳಿದೆ. ಹುಟ್ಟು: ತಂದೆಯ ಅಕ್ಕತಂಗಿಯರನ್ನು ಮಕ್ಕಳು ಕರೆಯುವ ಹೆಸರು. ನಡೆ: ಅತ್ತೆಯ, ಅತ್ತೆಗೆ, ಅತ್ತೆಯಿಂದ, ಅತ್ತೆಯಲ್ಲಿ. ಹೇಳುವಾಗ ಎಲ್ಲ ವಿಭಕ್ತಿಯಲ್ಲೂ ನಾನೇ ಇದ್ದೇನೆ ಎಂದು ಹಿಗ್ಗು ಬೇರೆ. ನಮ್ಮ ಕಟ್ಟೆಯ ಪದ್ಧತಿಯಂತೆ ಎಲೆ ಅಡಿಕೆ ತಟ್ಟೆ ಹೊರಟಿತು. ಅದು ಒಂದು ಸುತ್ತು ಮುಗಿಸುವುದರೊಳಗೆ ಮಾತು ದನಿ ಬಿಡಬೇಕು. ಮಗು ಮರದ ಮೇಲಿನ ಅಳಿಲನ್ನು ನೋಡುತ್ತ ಕೂತಿತ್ತು. ತುಟಿಯನ್ನೇ ಆಡಿಸಲಿಲ್ಲ. ತಟ್ಟೆ ಸುತ್ತಿ ಬಂದು ಮೇಷ್ಟ್ರ ಮುಂದೆ ಕೂತಿತು.

"ಇನ್ನೊಂದೇ ಸಲ ಉಳಿದಿರೋದು," ಎಂದರು ಮೇಷ್ಟ್ರು. ಯಾರೂ ಆಡಿಕೊಳ್ಳಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಅಲ್ಲಿಂದ ಎರಡು ವಾರದಲ್ಲಿ ಮಗು ತುಟಿ ಆಡಿಸುವುದನ್ನೇ ಬಿಟ್ಟಿತು. ಆಡಿದ ಮಾತು ತನ್ನ ಕಿವಿಗೇ ಬೀಳದಿದ್ದರೆ ಎಷ್ಟು ದಿನ ಆಡೀತು? ನಾನು ಚಪ್ಪಲಿ ಮೆಟ್ಟಿದರೂ ಓಡಿಬರುತ್ತಿರಲಿಲ್ಲ. ಗೋಡೆಗೆ ಒರಗಿ, ಬೆಲ್ಲಕ್ಕೆ ಮಾತ್ರ ಕೈ ಚಾಚುತ್ತಿತ್ತು. ಒಂದು ಮಧ್ಯಾಹ್ನ ಮನೆಗೆ ಬಂದರೆ ಮೆಲಿಕೆ ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದಳು.

"ಅಕ್ಕ, ನಾವು ಹೋಗ್ತೀವಿ," ಎಂದಳು. "ಮುಂದಿನ ಗುರುವಾರ ಬಸ್ಸು. ನನ್ನ ಮಗು ಬಾಯಿ ಮುಚ್ಚುತ್ತಾ ಇದೆ. ಅಲ್ಲಿ ಹೋದ್ರೆ ತೆಗೀತದೆ."

"ಹೋಗ್ತೀವಿ ಅಂದ್ರೆ ಏನು? ಮಾಲಿಂಗ ಬಂದು ಕೇಳಿದ್ರೆ ನಾನೇನು ಹೇಳ್ಲಿ?" ಎಂದು ರೇಗಿದೆ. "ಇನ್ನೊಂದು ಸಲ ಕಟ್ಟೆಗೆ ತರಬಹುದು. ಅತ್ತೆ ಅನ್ನೋ ಮಾತಿಗೆ..."

"ಅಕ್ಕ, ಅದು ಅತ್ತೆ ಅಲ್ಲ."

ಅವಳು ಬಟ್ಟೆ ಮಡಿಸುವುದನ್ನು ನಿಲ್ಲಿಸಿ ಎದ್ದಳು. ಮುಂಬಾಗಿಲು ತೆಗೆದು ಹೊರಗೆ ಕೈ ತೋರಿಸಿದಳು.

"ಬಾಗಿಲು ಅಂತಲಾ?" ಎಂದೆ.

"ಅಲ್ಲ."

"ಬೀದಿನಾ?"

"ಅಲ್ಲ. ಹೋಗೋದು. ಹೊರಗೆ, ಸುಮ್ನೆ. ಏನೂ ತರೋಕೆ ಅಲ್ಲ. ಕೋಳಿ ನೋಡು, ನೀರು ನೋಡು, ಬಾ. ಚಿಕ್ಕ ಮಕ್ಕಳ ಮಾತು, ಅಕ್ಕ. ದೊಡ್ಡೋರು ದೊಡ್ಡೋರಿಗೆ ಹೇಳಲ್ಲ."

ಮತ್ತೆ ಹೇಳು, ನಿಧಾನಕ್ಕೆ ಹೇಳು ಎಂದೆ. ಅವಳು ದನಿ ಇಲ್ಲದೆ ಹೇಳಿದಳು. ಅ. ತ್ತ. ಕೊನೆಯಲ್ಲಿ ಬಾಯಿ ಸುಮ್ಮನೆ ತೆರೆದೇ ನಿಂತಿತು. 'ಎ' ಎನ್ನುವಾಗ ತುಟಿಯ ಎರಡು ಮೂಲೆ ಕಿವಿಯ ಕಡೆ ಸರಿಯಬೇಕು. ಸರಿಯಲಿಲ್ಲ. ಉಕ್ಕಡಕ್ಕೆ ಬಂದ ಮೊದಲ ದಿನ, ನನಗಿಂತ ಮುಂಚೆ ಅಲ್ಲಿ ಕೂರುತ್ತಿದ್ದ ನನ್ನ ಅತ್ತೆ ಹೇಳಿಕೊಟ್ಟ ಮೊದಲ ಪಾಠವೇ ಅದು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ನನಗೆ ಬೇಕಾದ್ದನ್ನು ನಾನು ಆ ತುಟಿಯ ಮೇಲೆ ಬರೆದುಕೊಂಡು ಓದಿದ್ದೆ.

ಅದಕ್ಕಿಂತ ಕೆಟ್ಟದ್ದು ಆಮೇಲೆ ಹೊಳೆಯಿತು. ಚಪ್ಪಲಿ ಮೆಟ್ಟುವವರನ್ನು ಕಂಡು ಆ ಮಗು ಓಡಿ ಬಂದು, ನನ್ನನ್ನೂ ಕರೆದುಕೊಂಡು ಹೋಗು ಎಂದು ಕೇಳುತ್ತಿತ್ತು. ನಾನು ದಿನಾ ಅದರ ಕೈಗೆ ಬೆಲ್ಲ ಇಟ್ಟು, ಮುದ್ದಾಡಿ, ಮುಖದ ಮೇಲೆ ಬಾಗಿಲು ಹಾಕಿಕೊಂಡು ಹೋಗುತ್ತಿದ್ದೆ. ಹೆಮ್ಮೆ ಬೇರೆ. ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟೆ.

"ಮೊದಲೇ ಯಾಕೆ ಹೇಳಲಿಲ್ಲ ನೀನು?"

"ನೀನು ಅಷ್ಟು ಖುಷಿ ಆಗಿದ್ದೆ," ಎಂದಳು ಮೆಲಿಕೆ.

ಮುಖ ತೊಳೆದುಕೊಂಡು ಅವಳನ್ನೂ ಕರೆದುಕೊಂಡು ಮೇಷ್ಟ್ರ ಮನೆಗೆ ಹೋದೆ. ನಡೆದದ್ದನ್ನು ಹೇಳಿದೆ. ಅವರು ನಗಲಿಲ್ಲ. ಕನ್ನಡಕ ಒರೆಸಿಕೊಂಡು, "ರೂಪ ನಮ್ಮ 'ಅತ್ತ'ದ ಹಾಗೇ ಇದೆಯಲ್ಲ. ಅತ್ತ ದರಿ ಇತ್ತ ಪುಲಿ ಅಂತೀವಲ್ಲ, ಆ ಅತ್ತ. ಆದ್ರೆ ರೂಪ ಒಂದಾದ್ರೆ ಜೀವ ಒಂದಾಗಬೇಕು ಅಂತಿಲ್ಲ. ನಮ್ಮ ಅತ್ತ ಬರೀ ದಿಕ್ಕು ತೋರಿಸುತ್ತೆ, ಇದು ಕೈ ಹಿಡಿದು ಎಳೆಯುತ್ತೆ," ಎಂದರು. ಆಮೇಲೆ ಮೆಲಿಕೆಯ ಕಡೆ ತಿರುಗಿ, "ಇದರ ಹುಟ್ಟು ಏನಮ್ಮ?" ಎಂದು ಕೇಳಿದರು.

"ಗೊತ್ತಿಲ್ಲ. ಯಾರೂ ಹೇಳಿಲ್ಲ," ಎಂದಳು. ಆಮೇಲೆ ನಕ್ಕು, "ನಮ್ಮ ಅಜ್ಜ ತಮಾಷೆ ಮಾಡ್ತಿದ್ದ. ಕುದುರೆಗೆ ಒಂದು ಮಾತು ಇದೆ, ಅದಕ್ಕೆ ಬಾಲ ಹಚ್ಚಿದ್ರೆ ಇದೇ ಆಗ್ತದೆ. ಕುದುರೆ ಮೇಲೆ ಅಂತ."

ಮೇಷ್ಟ್ರು ಕೂತಲ್ಲಿಂದ ಎದ್ದೇಬಿಟ್ಟರು. "ಸಿಕ್ತು! ಮೂಲ ಕುದುರೆ, ಸಪ್ತಮೀ ವಿಭಕ್ತಿ! ಮಗೂನ ಕುದುರೆ ಮೇಲೆ ಕೂರಿಸಿಕೊಂಡು ತಿರುಗಾಡಿಸ್ತಿದ್ರು, ಅದರಿಂದ ಬಂತು. ಸರಿಹೋಯ್ತಲ್ಲ!"

ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದ ಹಾಗಾಯಿತು. "ತಮಾಷೆ ಅಂದಳಲ್ಲ ಮೇಷ್ಟ್ರೇ," ಎಂದೆ. "ಇಂಜಿ ಹುಟ್ಟಿದಾಗಿನಿಂದ ಕುದುರೆಯ ಬಾಲ ಕಂಡವಳಲ್ಲ. ನಾನು ಒಂದು ಸಲ ನನಗೆ ಚಂದ ಕಂಡದ್ದನ್ನ ಹೇಳಿ ಕೆಟ್ಟಿದ್ದೀನಿ. ನೀವು ನಿಮಗೆ ಚಂದ ಕಂಡದ್ದನ್ನ ಹೇಳಿ ಉಳಿದ ಒಂದು ಸಲಾನೂ ಕೆಡಿಸಬೇಡಿ."

ಮೇಷ್ಟ್ರಿಗೆ ಸಿಟ್ಟು ಬಂತು. "ಹುಟ್ಟೇ ಇಲ್ಲದ ಮಾತನ್ನ ಕಟ್ಟೆಗೆ ತರೋದು ಹೇಗೆ?"

"ನಮ್ಮ ಬುವ್ವ, ತಾಚಿ, ಇವಕ್ಕೆಲ್ಲ ಹುಟ್ಟು ಯಾರು ಹೇಳಿದ್ರು?"

ಅವರು ಮತ್ತೆ ಕೂತರು. ಮೆಲಿಕೆ "ಚಾ ಕುಡಿ" ಎಂದು ಅವರ ಲೋಟವನ್ನೇ ಅವರ ಮುಂದೆ ಸರಿಸಿದಳು. ಮೇಷ್ಟ್ರು ಒಂದು ಗುಟುಕು ಕುಡಿದು, "ಅವು ತೊಟ್ಟಿಲಲ್ಲೇ ಹುಟ್ಟಿದವು, ಯಾರೂ ಕೇಳಲಿಲ್ಲ," ಎಂದರು. "ಹೋಗು, ಅದರ ನಡೆ ನೋಡು. ಎಲ್ಲಿ ನಿಂತು ಹೇಳುತ್ತೆ, ಯಾರಿಗೆ ಹೇಳುತ್ತೆ, ಯಾವಾಗ ಹೇಳೋದಿಲ್ಲ. ಗಿಡ ಎಲ್ಲಿ ನಿಲ್ಲುತ್ತೋ ಬೇರು ಅಲ್ಲೇ ಇರುತ್ತೆ."

ಬುಧವಾರಕ್ಕೆ ಎಂಟು ದಿನ ಇತ್ತು. ಉಕ್ಕಡಕ್ಕೆ ರಜೆ ಹಾಕಿ ಮಗುವಿನ ಹಿಂದೆ ಬಿದ್ದೆ. ಮೊದಲ ಮೂರು ದಿನ ಅದು ತುಟಿ ಬಿಚ್ಚಲೇ ಇಲ್ಲ. ನಾನು ಮಾತ್ರ ದಿನಕ್ಕೆ ನಾಲ್ಕು ಸಲ ಚಪ್ಪಲಿ ಮೆಟ್ಟಿ, ಅದರ ಕೈ ಹಿಡಿದು, ಬಾವಿಕಟ್ಟೆ, ಕುಂಬಾರರ ಕೇರಿ, ಎಮ್ಮೆ ಮೀಯುವ ಕೆರೆ ಎಂದು ಸುತ್ತಿದೆ. ಐವತ್ತೆಂಟು ವರ್ಷ ಈ ಊರಲ್ಲಿದ್ದು ಕುಂಬಾರರ ಕೇರಿಯಲ್ಲಿ ಅಷ್ಟು ಬಾತುಕೋಳಿ ಇವೆ ಎಂದು ನನಗೆ ಗೊತ್ತಿರಲಿಲ್ಲ. ನಾಲ್ಕನೆಯ ದಿನ ಗೂಟದಿಂದ ಕೊಡೆ ತೆಗೆಯುತ್ತಿದ್ದಾಗ ಸೆರಗು ಬಿಗಿಯಾಯಿತು. ತಿರುಗಿ ನೋಡಿದರೆ ಇಂಜಿ, ಮುಖ ಎತ್ತಿ, ಬಾಯಿ ಅಗಲಿಸಿ ಹೇಳುತ್ತಿದ್ದಾಳೆ. ದನಿ ಇಲ್ಲ, ಆದರೂ ಹೇಳುತ್ತಿದ್ದಾಳಲ್ಲ ಎಂದು ನನಗೆ ಜೀವ ಬಂದಂತಾಯಿತು.

ಆಮೇಲೆ ಒಂದೊಂದಾಗಿ ತಿಳಿಯಿತು. ಕೊಡೆ, ಚಪ್ಪಲಿ, ಚಿಲಕ, ತಾಯಿಯ ತಲೆವಸ್ತ್ರ, ಇವನ್ನು ಯಾರಾದರೂ ಮುಟ್ಟಿದರೆ ಆ ಮಾತು ಬರುತ್ತದೆ. ಯಾರೂ ಮುಟ್ಟದಿದ್ದರೆ ತಾನೇ ಚಪ್ಪಲಿ ತಂದು ನಮ್ಮ ಕಾಲ ಬಳಿ ಇಟ್ಟು ಹೇಳುತ್ತದೆ. ಒಬ್ಬ ಮನುಷ್ಯ ಬೇಕೇ ಬೇಕು, ಒಂಟಿಯಾಗಿ ಗೋಡೆಗೆ ಹೇಳಿದ್ದಿಲ್ಲ. ಹಿಂದಿರುಗುವಾಗ ಇಲ್ಲ. ಸಾಮಾನ್ಯವಾಗಿ ಆ ಹೊತ್ತಿಗೆ ಹೆಗಲ ಮೇಲೆ ನಿದ್ದೆ. ಮೆಲಿಕೆಯನ್ನು ಕೇಳಿದೆ, ನಿಮ್ಮಲ್ಲಿ ಇದಕ್ಕೆ 'ಹೋದಳು' ಎಂದು ಸೇರುತ್ತದೋ ಎಂದು. "ದೊಡ್ಡೋರು ಹೇಳ್ತಾರೆ. ಅಪ್ಪ ಹೋದ, ಅಮ್ಮ ಹೋದಳು. ಮಗು ಹೇಳಲ್ಲ, ಅಳ್ತದೆ," ಎಂದಳು. ಹೇಳಿದ್ದನ್ನು ಮಾಡಿಯೂ ನೋಡಿದೆವು, ಪಾಪ. ಮೆಲಿಕೆ ಒಬ್ಬಳೇ ಹೊರಟಾಗ ಮಗುವಿಗೆ ತುಟಿಯಲ್ಲಿ ಹಾಗೆ ಹೇಳಿದಳು, ಮಗು ಕೇರಿಗೆಲ್ಲ ಕೇಳುವಂತೆ ಅತ್ತಿತು. ಇದನ್ನು ಕೇಳಿ ಮೇಷ್ಟ್ರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. "ನೋಡಿದ್ಯಾ, ಆ ಮಾತಿನ ಭೂತಕಾಲ ನಮ್ಮ ಕನ್ನಡದ 'ಅತ್ತಳು'!" ಎಂದು ತೊಡೆ ತಟ್ಟಿಕೊಂಡರು.

ಬುಧವಾರ ಕಟ್ಟೆ ತುಂಬಿತ್ತು. ಮೆಲಿಕೆ ಇಂಜಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಳು. ಪೆಟ್ಟಿಗೆ ಮನೆಯಲ್ಲಿ ಕಟ್ಟಿಯೇ ಇತ್ತು, ಬಸ್ಸು ಮಾರನೆಯ ದಿನ. ನಾನು ಎದ್ದು ನಿಂತು, "ಹೋದ ಸಲ ನಾನು ತಪ್ಪು ಓದಿದೆ. ಅದು ಅತ್ತೆ ಅಲ್ಲ, ನನ್ನ ಹೆಸರಲ್ಲ," ಎಂದೆ.

"ತುಟಿ ಈರಕ್ಕನ ಕಣ್ಣೇ ಜಾರ್ತಲ್ಲಪ್ಪೋ!" ಎಂದ ಗಾಣದ ಗಿರಿಯಣ್ಣ. ಎಲ್ಲರೂ ನಕ್ಕರು. ನನಗೂ ನಗು ಬಂತು. ಹೇಳಿಬಿಟ್ಟ ಮೇಲೆ ಎದೆ ಹಗುರಾಗಿತ್ತು.

"ಹುಟ್ಟು ಕೇಳಿ," ಎಂದೆ. "ಇದರ ತಾಯಿ ತಂದೆ ಯಾರು ಅಂತ ಟರ್ಕಿಯಲ್ಲೂ ಇವಳ ಮನೆಯೋರಿಗೆ ಗೊತ್ತಿಲ್ಲ. ನನಗೆ ತಿಳಿದದ್ದು ಇಷ್ಟೇ. ಒಳಗೆ ಒಂದು ಮಗು, ಹೊರಗೆ ಹೊರಟ ಒಬ್ಬ ದೊಡ್ಡ ಮನುಷ್ಯ, ಇಬ್ಬರ ನಡುವೆ ಹೊಸ್ತಿಲು. ಅಲ್ಲಿ ಹುಟ್ಟಿದ್ದು. ಇನ್ನು ನಡೆ. ವಿಭಕ್ತಿ ಒಂದೇ, ಚತುರ್ಥಿ, ಹೋಗೋ ಕಡೆಯದ್ದು. 'ಗೆ' ಹಚ್ಚಿದ್ರೂ ಆಯ್ತು, ಬಿಟ್ರೂ ಆಯ್ತು. ಪಂಚಮಿ ಇಲ್ಲ, ಅಲ್ಲಿಂದ ಬರೋದು ಅಂತ ಇಲ್ಲ. ಕ್ರಿಯೆ ಒಂದೇ, ಹೋಗು. ಅದರಲ್ಲೂ ಮಗೀನ ಬಾಯಲ್ಲಿ ಹೋದೆ ಇಲ್ಲ, ಹೋಗ್ತೀನಿ ಇಲ್ಲ, ಹೋಗೋಣ ಮಾತ್ರ. ಒಬ್ಬರೇ ಹೋಗೋಕೆ ಈ ಮಾತು ಬರೋದಿಲ್ಲ."

ತಟ್ಟೆ ಹೊರಟಿತು. ಎಲ್ಲರೂ ಇಂಜಿಯ ಬಾಯನ್ನೇ ನೋಡುತ್ತಿದ್ದರು. ಇಂಜಿ ತಾಯಿಯ ಸೊಂಟದ ಮೇಲಿಂದ ಅರಳಿಮರ ನೋಡಿದಳು, ಕಾಗೆ ನೋಡಿದಳು, ಗಿರಿಯಣ್ಣನ ಬೋಳುತಲೆ ನೋಡಿ ನಕ್ಕಳು. ತುಟಿ ಆಡಲಿಲ್ಲ. ಮೆಲಿಕೆ ಕಿವಿಯಲ್ಲಿ ಏನೋ ಉಸುರಿದಳು, ದನಿ ಇಲ್ಲದ್ದು. ಇಲ್ಲ. ತಟ್ಟೆ ಅರ್ಧ ದಾಟಿತು. ಎಲ್ಲಿ ತಪ್ಪಿದೆ, ಯಾವುದನ್ನು ಬಿಟ್ಟೆ ಎಂದು ಹೇಳಿದ್ದನ್ನೆಲ್ಲ ಮನಸ್ಸಿನಲ್ಲೇ ಮತ್ತೆ ಎಣಿಸಿದೆ. ಮೆಲಿಕೆಯ ಮುಖ ಆಗಲೇ ಬಸ್ಸು ಹತ್ತಿದವಳ ಮುಖವಾಗಿತ್ತು.

ಮಗು ಮತ್ತೆ ಕಾಗೆ ನೋಡಿ ಕೇಕೆ ಹಾಕಿತು. ಆಗ ಹೊಳೆಯಿತು. ಎಂಟು ದಿನವೂ ಮಗುವಿನ ಬೆನ್ನ ಹಿಂದೆಯೇ ಸುತ್ತಿದ್ದೆನಲ್ಲ, ಬೀದಿಯಲ್ಲಿ ಒಂದು ಸಲವೂ ಅದು ಆ ಮಾತು ಹೇಳಿದ್ದಿಲ್ಲ. ಯಾಕೆ ಹೇಳಬೇಕು? ಅದು ಆಗಲೇ ಹೊರಗಿದೆ, ಕೇಳಿದ್ದು ಸಿಕ್ಕಿದೆ. ಮರದ ಕೆಳಗೆ, ಬಯಲಲ್ಲಿ ನಿಲ್ಲಿಸಿಕೊಂಡು ಹೊರಗೆ ಹೋಗೋಣ ಎನ್ನು ಎಂದರೆ ಯಾವ ಮಗು ಎಂದೀತು?

"ಮೇಷ್ಟ್ರೇ, ಇಲ್ಲಿ ಆಗೋದಿಲ್ಲ!" ಎಂದು ಕೂಗಿದೆ. "ಇದು ಒಳಗಿದ್ದು ಆಡೋ ಮಾತು. ಎಲ್ಲರೂ ನಮ್ಮನೆಗೆ ಬನ್ನಿ."

"ಕಟ್ಟೆ ಬಿಟ್ಟು ಮನೆಗೆ ಬರೋ ಪದ್ಧತಿ ಇಲ್ಲವಲ್ಲೇ."

"ಬರಬಾರದು ಅಂತ ಇದೆಯಾ?"

ಮೇಷ್ಟ್ರು ತಟ್ಟೆಯ ಕಡೆ ನೋಡಿದರು. "ಇಲ್ಲ," ಎಂದರು. "ಆದ್ರೆ ತಟ್ಟೆ ನಿಲ್ಲಬಾರದು, ನಡೀತಾ ಇರಲಿ. ನಡೀರಿ!"

ಇಡೀ ಕಟ್ಟೆ ಎದ್ದು ಹೊರಟಿತು. ತಟ್ಟೆ ಜನರ ಕೈಯಿಂದ ಕೈಗೆ ನಡೆಯುತ್ತಲೇ ಬಂತು. ನಮ್ಮೂರವರು ಒಳ್ಳೆಯವರು ಎಂದು ಅವತ್ತು ತಿಳಿದಷ್ಟು ಯಾವತ್ತೂ ತಿಳಿದಿರಲಿಲ್ಲ. ಒಬ್ಬೊಬ್ಬನೂ ಎಲೆಯನ್ನು ಆರಿಸುವುದೇನು, ತೊಟ್ಟು ಮುರಿಯುವುದೇನು, ನಾರು ಬಿಡಿಸುವುದೇನು, ಸುಣ್ಣ ಸಾಲದು ಎಂದು ಮತ್ತೆ ಹಚ್ಚುವುದೇನು! ಕೊನೆಯವನಾದ ಗಿರಿಯಣ್ಣ, ಜೀವಮಾನದಲ್ಲಿ ಎಲೆ ಅಡಿಕೆ ಹಾಕದವನು, ಅಡಿಕೆಯ ಒಂದೊಂದು ಚೂರನ್ನೂ ಬಿಸಿಲಿಗೆ ಹಿಡಿದು ಪರೀಕ್ಷೆ ಮಾಡತೊಡಗಿದ.

ನಾನು ಇಂಜಿಯನ್ನು ಎತ್ತಿಕೊಂಡು ಮನೆಯೊಳಗೆ ಓಡಿ ಬಾಗಿಲು ಹಾಕಿ ಚಿಲಕ ಹಾಕಿದೆ. ಒಳಗೆ ನಾವಿಬ್ಬರೇ. ಹೊರಗೆ ಊರಿಗೆ ಊರೇ ಬಾಗಿಲಿಗೆ ಕಿವಿಗೊಟ್ಟು ನಿಂತಿದೆ. ಮಗುವನ್ನು ನೆಲಕ್ಕಿಳಿಸಿ, ಎರಡು ಹೆಜ್ಜೆ ಸರಿದು, ಚಪ್ಪಲಿ ಮೆಟ್ಟಿದೆ. ಅದು ನೋಡಿತು. ಕೊಡೆ ತೆಗೆದೆ. ನೋಡಿತು. ಬಾಯಿ ಚಟಕ್ಕೆ 'ಹೋಗಿ ಬರ್ತೀನಿ' ಎಂದು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡೆ. ಬಗ್ಗಿ ನನ್ನ ತೋರುಬೆರಳನ್ನು ಅದರ ಮುಂದೆ ಹಿಡಿದು, "ಹೋಗೋಣ?" ಎಂದೆ.

ಇಂಜಿ ಬೆರಳನ್ನು ನೋಡಿದಳು. ಚಿಲಕವನ್ನು ನೋಡಿದಳು. ಬೆರಳು ಹಿಡಿದಳು.

"ಅತ್ತ!"

ಆ ಮಾತನ್ನು ತುಟಿಯಲ್ಲಿ ಎಷ್ಟು ಸಲ ಕಂಡಿದ್ದೆನೋ, ಅದಕ್ಕೆ ಇಂಥ ದನಿ ಇರುತ್ತದೆ ಎಂದು ಎಣಿಸಿರಲಿಲ್ಲ. ದಪ್ಪ ದನಿ, ಸ್ವಲ್ಪ ಒಡಕು, ಸಂತೆಯಲ್ಲಿ ಕೂಗಿ ಮಾರುವವರ ಹಾಗೆ. ಮಗುವೂ ಬೆಚ್ಚಿತು. ಕಿವಿ ಮುಟ್ಟಿ ನೋಡಿಕೊಂಡಿತು. ಮತ್ತೆ, "ಅತ್ತ! ಅತ್ತ! ಅತ್ತ!" ಎಂದು ಮನೆ ಹಾರಿಹೋಗುವಂತೆ ಕೂಗಿತು. ಹೊರಗೆ ಹೋ ಎಂದು ಗದ್ದಲ ಎದ್ದಿತು. ಗಿರಿಯಣ್ಣ, "ಬಂತು ಕಣ್ರೋ!" ಎಂದದ್ದು ಕೇಳಿಸಿತು. ನಾನು ಚಿಲಕ ತೆಗೆದೆ.

ಬಾಗಿಲ ಎದುರಿಗೇ ಮೆಲಿಕೆ ನಿಂತಿದ್ದಳು. ಮಗುವನ್ನು ಎತ್ತಿಕೊಳ್ಳಲಿಲ್ಲ. ತನ್ನ ಬಾಯಿಗೆ ಕೈ ಅಡ್ಡ ಹಿಡಿದು, ಮೆಲ್ಲಗೆ, ಮುರಿದುಹೋದೀತೇನೋ ಎಂಬಂತೆ, ತಾನೂ ಆ ಮಾತನ್ನು ಆಡಿದಳು. ಅವಳ ಭಾಷೆ ಅವಳ ಕಿವಿಗೆ ಬಿದ್ದು ಎರಡು ತಿಂಗಳಾಗಿತ್ತು. ಇನ್ನೊಮ್ಮೆ ಆಡಿದಳು. ಆಮೇಲೆ ನೆಲಕ್ಕೆ ಕೂತು, ಮಗುವನ್ನು ತಬ್ಬಿ, ನಗುತ್ತ ಅಳುತ್ತ ಅದೊಂದೇ ಮಾತನ್ನು ಹತ್ತು ಬಗೆಯಲ್ಲಿ ಹೇಳಿದಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಒರೆಸಿದ್ದು ಕನ್ನಡಕವನ್ನಲ್ಲ.

ಮಗು ಬೆರಳು ಬಿಡಲಿಲ್ಲ, ಎಳೆದುಕೊಂಡು ಹೊರಟಿತು. ಹಿಂದೆ ಮೆಲಿಕೆ, ಅವಳ ಹಿಂದೆ ಇಡೀ ಕಟ್ಟೆ. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಹೊಸ ಮಾತು ಸಿಕ್ಕ ಖುಷಿಯಲ್ಲಿ ಗಂಡಸರು ಹೆಂಗಸರು ಎಲ್ಲ ಅದನ್ನು ಬಾಯಲ್ಲಿ ಹೊರಳಿಸುತ್ತ ನಡೆದರು. ಗಿರಿಯಣ್ಣ, "ಅತ್ತದಿಂದ ಯಾವಾಗಪ್ಪ ಬರೋದು?" ಎಂದು ಕೇಳಲು ಹೋದ. 'ದಿಂದ' ಎನ್ನುವಲ್ಲಿ ದನಿ ನಿಂತುಹೋಯಿತು, ಬರಿಯ ಬಾಯಿ ಆಡಿತು. ಮೇಷ್ಟ್ರು ಅವನ ಬೆನ್ನು ತಟ್ಟಿ, "ಪಂಚಮಿ ಇಲ್ಲ ಅಂತ ಹೇಳಿದ್ಳಲ್ಲೋ" ಎಂದರು.

ಬಾತುಕೋಳಿ ನೋಡಿದೆವು. ಕೆರೆಯ ಎಮ್ಮೆ ನೋಡಿದೆವು. ಒಬ್ಬೊಬ್ಬರೇ ಕೆಲಸ ನೆನಪಾಗಿ ಹೋಗಿ, ಕೊನೆಗೆ ಏರಿಯ ಮೇಲೆ ನಾವು ಮೂವರೇ ಉಳಿದೆವು. ಬಿಸಿಲು ಏರಿತ್ತು. ಇಂಜಿ ತಾಯಿಯ ಹೆಗಲ ಮೇಲೆ ಬಾಯಿ ತೆರೆದುಕೊಂಡೇ ನಿದ್ದೆ ಹೋಗಿದ್ದಳು. ಬಸ್ಸಿನ ಮಾತನ್ನು ಕೇಳುವ ಧೈರ್ಯ ನನಗಿರಲಿಲ್ಲ, ಎಮ್ಮೆಗಳನ್ನು ಎಣಿಸುತ್ತ ಕೂತಿದ್ದೆ. ಎರಡು ತಿಂಗಳಿಂದ ಮೆಲಿಕೆ ನಾನಿರುವ ಜಾಗಕ್ಕೆ 'ನಿನ್ನ ಮನೆ' ಎಂದೇ ಹೇಳುತ್ತಿದ್ದಳು. ನಿನ್ನ ಮನೆ ಬೀಗ, ನಿನ್ನ ಮನೆ ಒಲೆ. ಈಗ ಅವಳು ಮಗುವಿನ ತಲೆಯ ಮೇಲೆ ತನ್ನ ತಲೆವಸ್ತ್ರದ ಅಂಚು ಹೊದಿಸಿ ಎದ್ದು ನಿಂತಳು.

"ಅಕ್ಕ, ಏಳು," ಎಂದಳು. "ಮನೆಗೆ ಹೋಗೋಣ."